ಕೌದಿಯ ನಡುವಿನ ಕೆಂಪು ಅಂಗಿ

ಅಂಗಿ ಕೇಳಲು ಹೋದವನು ನಾನು. ಅಂಗಿಯೊಂದನ್ನು ಇಸಿದುಕೊಂಡು, ಬೇರೆ ಮಾತಾಡದೆ ಬಂದುಬಿಡಬೇಕು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ.

ನಮ್ಮ ವಾಡೆಯ ಎಲಿಜಬೆತ್ ತನ್ನ ಮನೆಯ ಅಂಗಳದಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಿದ್ದಳು. ಹಳೆ ಬಟ್ಟೆಯ ಚೂರುಗಳನ್ನು ಕೂಡಿಸಿದ ದೊಡ್ಡ ಕೌದಿ, ಅರ್ಧ ತೊಡೆಯ ಮೇಲೆ, ಅರ್ಧ ನೆಲದ ಮೇಲೆ. ಬಾಯಲ್ಲಿ ದಾರದ ತುದಿ. ನನ್ನನ್ನು ಕಂಡವಳು ದಾರ ತೆಗೆಯದೆ ಹುಬ್ಬು ಮಾತ್ರ ಎತ್ತಿದಳು. ಏನು ಬಂದಿರಿ ಎಂಬುದನ್ನು ಬರೀ ಹುಬ್ಬಿನಲ್ಲಿ ಅಷ್ಟು ಚೆಂದ ಕೇಳುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನನ್ನ ಅಂಗಿ," ಎಂದೆ.

"ಯಾವ ಅಂಗಿ?"

"ಕೆಂಪಂದು, ಚೌಕಳಿದು. ನಮ್ಮ ಆಯಿ ತಪ್ಪಿ ನಿಮಗ ಕೊಟ್ಟಾಳ. ಅದು ಹಳೇದಲ್ರಿ, ಹೊಸಾದು. ಐತವಾರ ನಾ ಅದನ್ನ ಹಾಕ್ಕೊಂಡು ಮುಂಡಗೋಡಕ್ಕ ಹೋಗಬೇಕು."

ಆಕೆ ದಾರವನ್ನು ಹಲ್ಲಿನಿಂದ ಕಡಿದಳು. ನಿಧಾನವಾಗಿ ಕೌದಿಯನ್ನು ಬಿಡಿಸಿ ನನ್ನ ಕಾಲ ಬಳಿಯವರೆಗೂ ಹರಡಿದಳು. ನಟ್ಟ ನಡುವೆ ನನ್ನ ಅಂಗಿಯ ಬೆನ್ನು ಚೌಕವಾಗಿ ಕೂತಿತ್ತು. ಸುತ್ತಲೂ ಇರುವೆ ಸಾಲಿನಂಥ ಸಣ್ಣ ಹೊಲಿಗೆ.

ಹಳಿಯಾಳದ ಅಬ್ದುಲ್ ರಜಾಕ ಟೇಲರ್ ಹೊಲಿದ ಟೆರಿಕಾಟ್ ಅಂಗಿ ಅದು. ಒಂದು ನಾತಾಳ, ಅಂದರೆ ಕ್ರಿಸ್‌ಮಸ್ ಹಬ್ಬದ ದಿನ ಬಿಟ್ಟರೆ ಮೈಮೇಲೆ ಹಾಕಿರಲಿಲ್ಲ. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಒಯ್ಯೂದಾದ್ರ ಒಯ್ರಿ," ಎಂದಳು ಎಲಿಜಬೆತ್. "ಆದ್ರ ಕೌದಿ ಸಮೇತ ಒಯ್ಯಬೇಕಾಗ್ತೈತಿ. ಮುಂಡಗೋಡಕ್ಕ ಏನ್ ಕೆಲಸ?"

"ನಮ್ಮ ಪಾವ್ಲು ಮಾವಂದು ಒಂದು... ಕೆಲಸ."

"ಹೆಣ್ಣು ನೋಡಾಕೇನು?"

ನಾನು ಹೂಂ ಅಂದೆನೋ ಇಲ್ಲವೋ, ಕೆಮ್ಮಿದ್ದಂತೂ ನಿಜ.

"ಹಂಗಾರ ಅಂಗಿ ಇಲ್ಲದ ಹೋಗಬ್ಯಾಡ್ರಿ ಡ್ರೈವರ್ರ," ಎಂದು ಆಕೆ ಮತ್ತೆ ಸೂಜಿ ಎತ್ತಿಕೊಂಡಳು. "ಹುಡುಗಿ ಹೆದರಿಗಿದರ್ಯಾಳು."

ತಲೆ ಬಗ್ಗಿಸಿ ಹೊಲಿಯುತ್ತಿದ್ದವಳ ಭುಜ ನಗೆಯಿಂದ ಕುಲುಕುತ್ತಿತ್ತು. ಅಂಗಿ ಕಳೆದುಕೊಂಡವನು ನಾನು, ವಾಪಸ್ ಬರುವಾಗ ಹಾಡು ಗುನುಗುತ್ತಿದ್ದವನೂ ನಾನೇ.

*

ಎಲಿಜಬೆತ್ ಕೌದಿ ಹೊಲಿಯುತ್ತಿದ್ದದ್ದು ಹೊದೆಯಲಿಕ್ಕಲ್ಲ, ಅದೇ ಭಾನುವಾರ ಇದ್ದ ಶಾಲೆಯ ಎಲೆಕ್ಷನ್ನಿಗೆ.

ನಮ್ಮ ಜಾಂಬೇವಾಡಾ ಶಾಲೆಗೆ ಆ ವರ್ಷ ಕಮಿಟಿ ಒಂದು ಠರಾವು ಮಾಡಿತ್ತು. ಬೆಳಗಿನ ಪ್ರಾರ್ಥನೆ ಶುರುವಾದ ಮೇಲೆ ಗೇಟು ಹಾಕಬೇಕು, ತಡವಾಗಿ ಬಂದವರನ್ನು ಒಳಗೆ ಬಿಡಬಾರದು. ಊರೊಳಗಿನ ಮಕ್ಕಳಿಗೆ ಇದರಿಂದ ಏನೂ ತೊಂದರೆಯಿಲ್ಲ. ಹಳ್ಳದ ಆಚೆ, ಕಾಡಿನ ಅಂಚಿನಲ್ಲಿರುವ ನಮ್ಮ ಸಿದ್ದಿ ವಾಡೆಯ ಮಕ್ಕಳು, ಅದರಾಚೆ ಎಮ್ಮೆ ಕಟ್ಟುವ ಗೌಳಿ ವಾಡೆಯ ಮಕ್ಕಳು ಕಾಡುಪ್ರಾಣಿಗಳ ಭಯಕ್ಕೆ ಬಿಸಿಲು ಬಿದ್ದ ಮೇಲೆಯೇ ಕಾಡು ದಾಟಬೇಕು. ಎಷ್ಟು ಓಡಿದರೂ ಅವರು ಬರುವ ಹೊತ್ತಿಗೆ ಗೇಟಿನ ಕೊಂಡಿ ಬಿದ್ದಿರುತ್ತಿತ್ತು.

ನಾನು ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಸಾಗಿಸುವ ಲಾರಿ ಓಡಿಸುತ್ತಿದ್ದೆ. ಒಂದು ಬೆಳಿಗ್ಗೆ ಶಾಲೆಯ ಮುಂದೆ ಹಾದು ಹೋಗುವಾಗ ನನ್ನ ಮಗಳು ಫಿಲೋಮಿನಾ ಗೇಟಿನ ಹೊರಗೆ ಮಾವಿನ ಮರದ ಬುಡದಲ್ಲಿ ಪಾಟಿ ಹಿಡಿದು ಕೂತಿದ್ದಳು. ಒಳಗೆ ಮಗ್ಗಿ ಹೇಳುತ್ತಿದ್ದರು, ಹೊರಗೆ ಇವಳೂ ಹೇಳುತ್ತಿದ್ದಳು. ತಾಯಿಯಿಲ್ಲದ ಹುಡುಗಿ. ಲಾರಿ ನಿಲ್ಲಿಸದೆ ಹೋದೆ, ಏಕೆಂದರೆ ಇಳಿದಿದ್ದರೆ ನನಗೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಎಲಿಜಬೆತ್ ಹಾಗೆ ಹೋಗುವವಳಲ್ಲ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಮಗ ಕಾಯತಾನನನ್ನು ಕೂಲಿ ಮಾಡಿಯೇ ಸಾಕಿದವಳು. ಆ ಹುಡುಗ ಇನ್ನು ಶಾಲೆ ಬೇಡ, ದನ ಕಾಯುತ್ತೇನೆ ಎಂದ ದಿನ ಆಕೆ ನೆಟ್ಟಗೆ ಕಮಿಟಿಯ ವಿಠ್ಠಲರಾವ ಸಾವಂತರ ಮನೆಗೆ ಹೋದಳು. ಸಾವಂತರು ಕಟ್ಟಿಗೆ ಕಂತ್ರಾಟುದಾರರು. ಪಾಲಕರ ಕಡೆಯ ಮೆಂಬರು. ಅವರ ಮಕ್ಕಳೆಲ್ಲ ಶಾಲೆ ಮುಗಿಸಿ ಮೀಸೆ ಬಿಟ್ಟಿದ್ದರೂ ಈಗ ಮೊಮ್ಮಗನ ಹೆಸರಿನಲ್ಲಿ ಅದೇ ಕುರ್ಚಿ ಹಿಡಿದಿದ್ದರು.

"ಕಮಿಟಿ ಒಳಗಿನ ಮಾತು ಕಮಿಟಿ ಒಳಗ ಇದ್ದವರು ಮಾತಾಡಬೇಕು, ತಂಗಿ," ಎಂದರಂತೆ ಅವರು.

"ಹಂಗಾರ ನಾನೂ ಒಳಗ ಬರ್ತೇನ್ರಿ," ಎಂದು ಬಂದಳಂತೆ ಇವಳು.

ನಮ್ಮ ಶಾಲೆಯಲ್ಲಿ ಮೆಂಬರನ್ನು ಆರಿಸುವ ರೀತಿಯೇ ಬೇರೆ. ಚೀಟಿ ಹಾಕೋಣವೆಂದರೆ ಪಾಲಕರಲ್ಲಿ ಅರ್ಧ ಜನಕ್ಕೆ ಓದು ಬಾರದು. ಕೈ ಎತ್ತಿಸಿದರೆ ಕೆಲವರು ಎರಡೂ ಕಡೆ ಎತ್ತಿ ಜಗಳ. ಹಾಗಾಗಿ ಹಿಂದಿನ ಯಾವುದೋ ಹೆಡ್ ಮಾಸ್ತರು ಒಂದು ಪದ್ಧತಿ ಹಾಕಿದ್ದರು: ನಿಂತವರು ಅಂಗಳದಲ್ಲಿ ತಮ್ಮ ತಮ್ಮ ಹಾಸು ಹಾಸಬೇಕು, ಯಾರ ಹಾಸಿನ ಮೇಲೆ ಹೆಚ್ಚು ಜನ ಕೂತರೋ ಅವರು ಮೆಂಬರು. ಸಾವಂತರ ಮನೆಯಲ್ಲಿ ಮದುವೆಗೆ ತಂದ ದೊಡ್ಡ ಜಮಖಾನೆ ಇತ್ತು. ಉಳಿದವರ ಮನೆಯಲ್ಲಿ ಗೋಣಿಚೀಲ. ಅಷ್ಟಕ್ಕೇ ಅವರು ಪ್ರತಿ ಸಲವೂ ಆರಿಸಿ ಬರುತ್ತಿದ್ದರು.

ಎಲಿಜಬೆತ್ ಮತ ಕೇಳಲು ಮನೆ ಮನೆಗೆ ಹೋಗಲಿಲ್ಲ, ಬಟ್ಟೆ ಕೇಳಲು ಹೋದಳು. "ನಿಮ್ಮ ಹುಡುಗರಿಗೆ ಸಣ್ಣದಾದ ಅಂಗಿ, ಹರದ ಲಂಗ, ಏನಿದ್ರೂ ಕೊಡ್ರಿ. ಹಾಸು ಹೊಲೀಬೇಕು. ಎಲ್ಲಾ ಹುಡುಗರದೂ ಒಂದೊಂದು ತುಂಡು ಇರಬೇಕು." ಸಿದ್ದಿ ವಾಡೆ, ಗೌಳಿ ವಾಡೆ, ಮುಸಲ್ಮಾನರ ಓಣಿ, ಕೊನೆಗೆ ಸಾವಂತರ ಹಿತ್ತಿಲ ಬಾಗಿಲಿಗೂ ಹೋಗಿದ್ದಳು.

ನಮ್ಮ ಮನೆಗೆ ಬಂದಾಗ ನಾನು ಲಾರಿಯ ಮೇಲಿದ್ದೆ. ನನ್ನ ಅವ್ವ ಕಾತರಿನಾ ಆಯಿ ಮೊಮ್ಮಗಳ ಒಂದು ಹಳೆ ಲಂಗ ಕೊಟ್ಟಳು. ಅದರ ಜೊತೆಗೆ ಈ ಅಂಗಿ!

"ಕಣ್ಣು ಕಾಣಸ್ಲಿಲ್ಲೋ ಇನಾಸಾ," ಎಂದಳು ನಾನು ಕೂಗಾಡಿದಾಗ. "ವಯಸ್ಸಾತು."

ಅಕ್ಕಿಯಲ್ಲಿ ಹುಳ ಆರಿಸುವಾಗ ಆ ಕಣ್ಣಿಗೆ ಏನೂ ಆಗಿರಲಿಲ್ಲ.

*

ಬರೀ ಅಂಗಿ ಹೋಗಿದ್ದರೆ ಅದೊಂದು ಮಾತು. ನಮ್ಮ ವಾಡೆಯಲ್ಲಿ ಒಂದು ರೂಢಿಯಿತ್ತು. ಮಕ್ಕಳ ಬಟ್ಟೆ ಯಾರ ಕೌದಿಗಾದರೂ ಸೇರಬಹುದು. ಪ್ರಾಯದ ಗಂಡಸಿನ ಅಂಗಿ ಮಾತ್ರ ಅವನ ಅವ್ವನ ಕೌದಿಗೆ ಹೋಗಬೇಕು, ಇಲ್ಲವೇ ಹೆಂಡತಿಯ ಕೌದಿಗೆ. ಎಲಿಜಬೆತ್ ನನಗೆ ಅವ್ವ ಅಲ್ಲ ಎಂಬುದು ವಾಡೆಯಲ್ಲಿ ಎಲ್ಲರಿಗೂ ಗೊತ್ತಿತ್ತು!

ಎರಡು ದಿನದಲ್ಲಿ ಸುದ್ದಿ ಹಳ್ಳ ದಾಟಿ ಊರು ಸೇರಿತು. ಚಹಾದಂಗಡಿಯಲ್ಲಿ ಸಾವಂತರ ಕಡೆಯವರು ಹಲ್ಲು ಕಿರಿಯುತ್ತಿದ್ದರು. "ನಡುವಿನ ತುಂಡು ಯಾರದಂತ ಐತವಾರ ಕೇಳೂಣು. ಇಂಥಾಕಿ ಶಾಲಿ ಉದ್ಧಾರ ಮಾಡ್ತಾಳಂತ." ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ನನ್ನ ಹೆಸರು ಹೋದರೆ ಹೋಗಲಿ. ಆದರೆ ಆಕೆ ಸೋತರೆ ಆ ಗೇಟು ಇನ್ನು ಮೂರು ವರ್ಷ ಮುಚ್ಚಿಯೇ ಇರುತ್ತದೆ. ಕಾಯತಾನ ದನದ ಹಿಂದೆ ಹೋಗುತ್ತಾನೆ. ನನ್ನ ಫಿಲೋಮಿನಾ ಮರದ ಬುಡದಲ್ಲಿ ಕೂತು ಕೂತು ಮಗ್ಗಿ ಮರೆಯುತ್ತಾಳೆ. ಒಂದು ಅಂಗಿಯಿಂದ ಇಷ್ಟೆಲ್ಲ ಆಗುವುದೇ?

ಮರುದಿನ ಗೌಳಿ ವಾಡೆಯ ತಿರುವಿನಲ್ಲಿ ಆಕೆ ಕಂಡಳು. ತಲೆಯ ಮೇಲೆ ಬಟ್ಟೆಯ ಗಂಟು. ಲಾರಿ ನಿಲ್ಲಿಸಿ ಬಾಗಿಲು ತೆಗೆದೆ.

"ಹತ್ತರಿ. ವಾಡೇದ ತನಕ ಬಿಡ್ತೇನಿ."

"ಜನ ನೋಡ್ತಾರ."

"ನೋಡೂದು ಇನ್ನೂ ಏನರ ಉಳದೈತೇನ್ರಿ?"

ನಕ್ಕು ಹತ್ತಿದಳು. ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಕ್ಯಾಬಿನ್ನಿನ ಒಳಗೆಲ್ಲ ಕಣ್ಣು ಹಾಯಿಸಿ, ಕನ್ನಡಿಗೆ ಕಟ್ಟಿದ ಶಿಲುಬೆ ನೋಡಿ, ಕೊನೆಗೆ ಹಾರ್ನಿನ ರಬ್ಬರ್ ಚೆಂಡನ್ನು ಒಮ್ಮೆ ಹಿಸುಕಿಯೇ ಬಿಟ್ಟಳು. ಬಿದಿರು ಮೆಳೆಯಿಂದ ಹಕ್ಕಿಗಳು ಹಾರಿದವು. ತಾನೇ ಬೆಚ್ಚಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದ ಆಕೆಯನ್ನು ನೋಡುತ್ತ ನಾನು ಒಂದು ಗುಂಡಿಯನ್ನು ನೋಡಲಿಲ್ಲ. ಲಾರಿ ಎಗರಿತು.

"ರಸ್ತಾ ನೋಡ್ರಿ ಡ್ರೈವರ್ರ."

"ಹೂಂ." ಒಂದಿಷ್ಟು ದೂರ ರಸ್ತೆಯನ್ನೇ ನೋಡಿ, ಹೇಳಬೇಕಾದದ್ದನ್ನು ಹೇಳಿದೆ. "ಆ ಕೆಂಪು ತುಂಡು ಬಿಚ್ಚಿ ತಗೀರಿ. ಐತವಾರ ಅವರು ಎಲ್ಲಾರ ಮುಂದ ಕೇಳಾವ್ರ ಅದಾರ."

ನಗು ನಿಂತಿತು. "ನಿಮಗ ಬಿಚ್ಚಬೇಕೇನು?"

"ನಿಮ್ಮ ಸಲುವಾಗಿ ಅಂದೆ. ನಿಮ್ಮ ಎಲೆಕ್ಷನ್..."

"ನಾ ಅದನ್ನ ಕೇಳಲಿಲ್ಲ. ನಿಮಗ ಬೇಕೇನು ಅಂತ ಕೇಳಿದೆ."

ನನ್ನ ಕೈ ತಪ್ಪಿತೋ ಏನೋ, ಗೇರು ಕರ್ ಎಂದಿತು. ಉತ್ತರ ಬಾಯಿಯವರೆಗೆ ಬಂದು ನಿಂತಿತ್ತು. ಹೆಂಡತಿ ಹೋದ ಮೇಲೆ ನನಗೆ ಅಂಥ ಮಾತು ಆಡಿ ರೂಢಿಯೇ ತಪ್ಪಿಹೋಗಿತ್ತು.

ಆಕೆಯೇ ಹೇಳಿದಳು: "ನಡುವಿಂದು ಬಿಚ್ಚಿದ್ರ ಕೌದಿ ತೂತು ಆಗ್ತೈತಿ. ತೂತು ಹಾಸು ಹಾಸಿ, ಶಾಲಿ ನೆಟ್ಟಗ ಮಾಡ್ತೇನಿ ಅಂತ ಯಾವ ಬಾಯಿಲೆ ಹೇಳ್ಲಿ? ಆದ್ರ ನೀವು ಬ್ಯಾಡ ಅಂದ್ರ ಬಿಚ್ಚತೇನಿ. ಅಂಗಿ ನಿಮ್ಮದು."

ವಾಡೆ ಬಂತು. ಇಳಿದು, ಗಂಟು ತಲೆಗೇರಿಸಿ, ತಿರುಗಿ ನೋಡದೆ ಹೋದಳು. ತಿರುವಿನಲ್ಲಿ ಮಾತ್ರ ಒಮ್ಮೆ ನಿಂತು ಗಂಟು ಜಾರಿತೆಂಬಂತೆ ಸರಿಮಾಡಿಕೊಂಡಳು. ಗಂಟು ಜಾರಿರಲಿಲ್ಲ, ನಾನು ನೋಡುತ್ತಲೇ ಇದ್ದೆ.

ಮನೆಯಲ್ಲಿ ಆಯಿ ರೊಟ್ಟಿ ತಟ್ಟುತ್ತ ಕೇಳಿದಳು. "ಎಲಿಜಬೆತ್ ಊರಾಗಿನ ಗಂಡಸರಿಗೆ ಏನಂತ ಕರೀತಾಳ?"

"ಅಣ್ಣಾ ಅಂತ. ಎಲ್ಲಾರಿಗೂ ಅಣ್ಣಾನ. ಸಾವಂತರಿಗೂ ಅಣ್ಣಾರ ಅಂತಾಳ."

"ನಿನಗ?"

"ಡ್ರೈವರ್ರ ಅಂತ," ಎನ್ನುತ್ತ ತಟ್ಟೆ ಎಳೆದುಕೊಂಡೆ. ಆಯಿ ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿದಳು. "ಉಣ್ಣು," ಎಂದಳು.

*

ಭಾನುವಾರ ಪಾವ್ಲು ಮಾವ ಬೆಳಿಗ್ಗೆಯೇ ಬಂದ. ಮುಂಡಗೋಡದ ಹುಡುಗಿಯ ಮನೆಯವರು ಕೋಳಿ ಕೊಯ್ದಿದ್ದಾರಂತೆ. ನನಗೆ ಹಾಕಿಕೊಳ್ಳಲು ತನ್ನ ನೀಲಿ ಅಂಗಿ ತಂದಿದ್ದ. ಮಾವ ಗಿಡ್ಡ ಮನುಷ್ಯ, ನಾನು ಲಾರಿಯ ಬಾಗಿಲಿನಷ್ಟು ಅಗಲ. ಗುಂಡಿ ಹಾಕಿದರೆ ಉಸಿರು ನಿಲ್ಲುತ್ತಿತ್ತು. ಹಾಗೆಯೇ ಹೊರಟೆ.

ಬಸ್ಸು ನಿಲ್ಲುವುದು ಶಾಲೆಯ ಎದುರಿಗೆ. ಅಂಗಳದಲ್ಲಿ ಜನ ಸೇರಿದ್ದರು. ಒಂದು ಕಡೆ ಸಾವಂತರ ಜಮಖಾನೆ, ಅದರ ಮೇಲೆ ಆಗಲೇ ಊರಿನ ಹಿರಿಯರು, ಅಂಗಡಿಕಾರರು. ಇನ್ನೊಂದು ಕಡೆ ಎಲಿಜಬೆತ್ ಕೌದಿ. ಅಬ್ಬಾ, ಎಷ್ಟು ದೊಡ್ಡದು! ಹಸಿರು, ಹಳದಿ, ಹೂವಿನದು, ಗೆರೆಯದು. ನಡುವೆ ಕೆಂಪು. ಬಿಚ್ಚಿರಲಿಲ್ಲ. ಅದರ ಮೇಲೆ ಯಾರೂ ಕೂತಿರಲಿಲ್ಲ. ನಮ್ಮ ವಾಡೆಯವರು, ಗೌಳಿಗಳು, ಹೆಣ್ಣುಮಕ್ಕಳು ಗೋಡೆಯ ಬದಿಗೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಸಾವಂತರು ಎದ್ದು ನಿಂತರು.

"ತಂಗಿ ಕೌದಿ ಭಾರಿ ಚಲೋ ಐತಿ. ಎಲ್ಲಾ ಹುಡುಗರ ಬಟ್ಟಿ ಅಂತ ಹೇಳ್ಯಾಳ. ಒಂದ ಮಾತು ಕೇಳ್ತೇನಿ. ಈ ನಡುವಿನ ಕೆಂಪಂದು ಯಾವ ಹುಡುಗಂದು?"

ಜಮಖಾನೆಯ ಮೇಲೆ ನಗೆ ಎದ್ದಿತು. ಎಲಿಜಬೆತ್ ನಡುವಿನ ಕೆಂಪು ತುಂಡನ್ನು ಒಮ್ಮೆ ನೋಡಿದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಯಾರಿಗೂ ಹೆದರದ ಆ ಹೆಣ್ಣು ತಲೆ ತಗ್ಗಿಸಿದ್ದನ್ನು ನಾನು ಮೊದಲ ಸಲ ನೋಡಿದೆ. ನನಗೆ ತಡೆಯಲಾಗಲಿಲ್ಲ.

"ಏ ಇನಾಸಾ, ಬಸ್ಸು ಬಂತೋ!" ಎಂದು ಮಾವ ಕೂಗಿದ.

"ನೀ ಹೋಗು ಮಾವಾ. ಕೋಳಿ ಉಂಡು ಬಾ."

ನಾನು ಗೇಟು ದಾಟಿ ಒಳಗೆ ಹೋದೆ.

"ಆ ಹುಡುಗ ನಾನ ರೀ," ಎಂದೆ.

ಎಲ್ಲರೂ ತಿರುಗಿದರು. ಗೋಡೆಯ ಬಳಿ ಯಾರೋ ಕಿಸಕ್ಕೆಂದರು.

"ಹೌದ್ರಿ, ನಾನ. ಕಾತರಿನಾ ಆಯಿ ಮಗ. ಅಂಗಿ ಆಯಿ ಕೊಟ್ಟಾಳ. ವಾಪಸ್ ಕೇಳಾಕ ನಾನ ಹೋಗಿದ್ದೆ, ಈ ಬಾಯಾರದು ಏನೂ ತಪ್ಪಿಲ್ಲ. ಈಗ ನನಗ ಅದು ವಾಪಸ್ ಬ್ಯಾಡ. ಅಲ್ಲೇ ಇರ್ಲಿ. ಅದು ಅಲ್ಲಿ ಇರೂದು ನನಗ ಬೇಕು." ಅಷ್ಟು ಹೊತ್ತಿಗೆ ಮಾವನ ಅಂಗಿಯ ಮೇಲಿನ ಗುಂಡಿ ಕಿತ್ತು ಎಲ್ಲಿಗೋ ಹಾರಿತು. ಆದರೂ ನಿಲ್ಲಿಸಲಿಲ್ಲ. "ನನ್ನ ಮಗಳು ಈ ಗೇಟಿನ ಹೊರಗ ಕುಂತು ಮಗ್ಗಿ ಕಲ್ತಾಳ. ಲಾರಿ ಮ್ಯಾಲ ಕುಂತು ನೋಡ್ಕೋತ ಹೋಗೇನಿ ನಾನು. ಇವತ್ತು ಹಂಗ ಹೋಗೂದಿಲ್ಲ."

ಹೋಗಿ ನೆಟ್ಟಗೆ ಕೆಂಪು ಚೌಕದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎಲಿಜಬೆತ್ ಕಡೆ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಗೋಡೆಯ ಬಳಿಯಿಂದ ದುರ್ಗವ್ವ ಬಂದಳು. ಕೆಳಗಿನ ಓಣಿಯವಳು, ಬಾಯಿ ಜೋರು. ಕೌದಿಯ ಸುತ್ತ ಬಗ್ಗಿ ಬಗ್ಗಿ ನೋಡುತ್ತ, "ನಮ್ಮ ಬಸ್ಯಾನ ಚಡ್ಡಿ ಎಲ್ಲೈತಿ?" ಎಂದು ಕೇಳಿದಳು. ಅಂಗಳ ಘೊಳ್ಳೆಂದಿತು. "ಇಲ್ಲೈತಿ ನೋಡ! ಹಿಂದಿನ ತ್ಯಾಪಿ ಸಮೇತ ಐತಿ!" ಎಂದವಳು ಅದರ ಮೇಲೆ ದೊಪ್ಪನೆ ಕೂತಳು.

ಆಮೇಲೆ ತಡೆಯುವವರು ಯಾರು? ರೋಷನಬಿ ತನ್ನ ಮಗಳ ಹಸಿರು ಫ್ರಾಕಿನ ತುಂಡು ಹುಡುಕಿ, ಅದನ್ನು ಕೈಯಿಂದ ಸವರಿ ಕೂತಳು. ಗೌಳಿ ವಾಡೆಯ ಹೆಂಗಸರು ಕಚ್ಚೆ ಬಿಗಿದು ಬಂದರು. ಗಂಡಸರು ನಮ್ಮದೆಲ್ಲಿ, ನಮ್ಮದೆಲ್ಲಿ ಎಂದು ಹೆಂಡತಿಯರನ್ನು ಕೇಳುತ್ತ ಬಂದರು. ಮಕ್ಕಳ ಬಟ್ಟೆ ಸಿಕ್ಕವರು ಅದರ ಮೇಲೆ, ಜಾಗ ಸಿಗದವರು ಅಂಚಿಗೆ ಮೊಣಕಾಲು ಊರಿ. ನನ್ನ ಆಯಿ ಕೋಲೂರಿ ಬಂದು ಫಿಲೋಮಿನಾಳ ಲಂಗದ ಮೇಲೆ ಕೂತು, ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಶಾಣ್ಯಾ ಆದಿ," ಎಂದಳು.

ಕೊನೆಗೆ ಜಮಖಾನೆಯಿಂದ ಸಾವಂತರ ಸೊಸೆ ಎದ್ದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು. "ಮಾವಾರ, ನಮ್ಮ ಗಣೂನ ಬಾಬಾಸೂಟು ಅಲ್ಲೈತ್ರಿ. ಅವನೂ ಒಮ್ಮೊಮ್ಮೆ ತಡಾ ಮಾಡ್ತಾನ್ರಿ, ನಾ ಶಾಲಿ ಹಿತ್ತಿಲ ಬಾಗಲಾಗಿಂದ ಒಳಗ ಬಿಡ್ತೇನಿ." ಎಂದು ಈ ಕಡೆ ಬಂದು ಕೂತುಬಿಟ್ಟಳು.

ಹೆಡ್ ಮಾಸ್ತರು ಎಣಿಸಲು ಶುರು ಮಾಡಿ ಅರ್ಧಕ್ಕೇ ಬಿಟ್ಟರು. ಎಣಿಸುವುದೇನಿತ್ತು? ಸಾವಂತರು ಜಮಖಾನೆಯ ಅಂಚನ್ನು ತಾವೇ ಮಡಚುತ್ತ, "ಮುಂದಿನ ಸಲ ನಾನೂ ಕೌದಿ ಹೊಲಸ್ತೇನಿ," ಎಂದು ಗೊಣಗಿದರು. ಅವರ ಸೊಸೆಯೇ ಮೊದಲು ನಕ್ಕಳು.

ಹೊಸ ಮೆಂಬರು ಮಾಡಿದ ಮೊದಲ ಕೆಲಸ ಭಾಷಣ ಅಲ್ಲ. ಗೇಟಿನ ಬಳಿ ಹೋಗಿ ಅದರ ಕೊಂಡಿ ಕಿತ್ತು ಹೆಡ್ ಮಾಸ್ತರ ಕೈಗೆ ಕೊಟ್ಟಳು. "ಬಿಸಲು ಬಿದ್ದ ಮ್ಯಾಲ ಪ್ರಾರ್ಥನಾ ಇಟ್ಕೊಳ್ರಿ ಸರ. ದೇವರು ಅಷ್ಟೊತ್ತು ಕಾಯ್ತಾನ," ಎಂದಳು. ಮಾಸ್ತರು ಕೊಂಡಿಯನ್ನು ಜೇಬಿಗೆ ಹಾಕಿಕೊಂಡರು.

*

ಜನ ಕರಗಿದ ಮೇಲೆ ಅಂಗಳದಲ್ಲಿ ನಾವಿಬ್ಬರು, ನಡುವೆ ಕೌದಿ.

ಅಷ್ಟು ದೊಡ್ಡ ಕೌದಿಯನ್ನು ಒಬ್ಬರೇ ಮಡಚಲು ಆಗುವುದಿಲ್ಲ. ಆಕೆ ಆ ತುದಿ ಹಿಡಿದಳು, ನಾನು ಈ ತುದಿ. ಕೊಡವಿದೆವು. ಮಡಚಲು ಹತ್ತಿರ ಬರಬೇಕು, ಬಂದೆ. ಬೆರಳು ತಾಗಿತು. ಆಕೆ ತುದಿ ತೆಗೆದುಕೊಂಡಳು, ನಾನು ಬಗ್ಗಿ ಇನ್ನೊಂದು ಮಡಿಕೆ ಎತ್ತಿದೆ. ಮತ್ತೆ ಹತ್ತಿರ ಬಂದೆ. ಕೌದಿ ಮುಗಿಯದೆ ಇನ್ನೂ ಉದ್ದ ಇರಬಾರದೇ ಎನಿಸಿತು.

"ಒಂದು ಮಾತು ಕೇಳಲಿ?" ಎಂದೆ. "ಅಂಗಿ ಹೊಸಾದು ಅಂತ ನಿಮಗ ನಿಜವಾಗ್ಲೂ ಗೊತ್ತಾಗಲಿಲ್ಲ?"

"ಗುಂಡಿ ದಾರ ಸೈತ ಹೊಳೀತಿತ್ತು. ನಾನೇನು ಕುರುಡಿ ಏನು?"

"ಮತ್ತ? ಕತ್ತರಸಿದ್ರಿ ಯಾಕ?"

ಆಕೆ ಕೌದಿಯನ್ನು ಎದೆಗೆ ಅವುಚಿಕೊಂಡು ಅದರ ಮೇಲಿನಿಂದ ನೋಡಿದಳು. ಈ ಸಲ ಹುಬ್ಬಿನಲ್ಲಿ ತುಂಟತನ ಇರಲಿಲ್ಲ. ಕಣ್ಣು ತುಂಬಿತ್ತು, ತುಟಿ ಮಾತ್ರ ನಗುತ್ತಿತ್ತು.

"ಐತವಾರ ಮುಂಡಗೋಡಕ್ಕ ಹೊಂಟಾನ, ಇದನ್ನ ಹಾಕ್ಕೊಂಡು ಹೋಗ್ತಾನ ಅಂತ ನಿಮ್ಮ ಆಯಿನ ಹೇಳಿದ್ರು. ಹೇಳಿ, ಅಂಗಿ ನನ್ನ ಕೈಯಾಗ ಇಟ್ರು. ಕತ್ರಿ ನನ್ನ ಕೈಯಾಗ ಇತ್ತು. ನಾ ಏನ್ ಮಾಡ್ಲಿ ಹೇಳ್ರಿ?"

ನಾನು ಜೋರಾಗಿ ನಕ್ಕೆ. ಆಕೆಯೂ ನಕ್ಕಳು. ನಗುತ್ತ ನಗುತ್ತಲೇ ನಾನು ಆ ಮಾತು ಹೇಳಿದೆ, ಲಾರಿಯಲ್ಲಿ ಗಂಟಲಿಗೆ ಸಿಕ್ಕಿಕೊಂಡಿದ್ದ ಮಾತು. "ನೀವಂದ್ರ ನನಗ ಭಾಳ ಪ್ರೀತಿ. ಅಂಗಿ ಹೋಗೂಕಿಂತ ಮೊದಲಿಂದ."

ಆಕೆ ಶಾಲೆಯ ಮೆಟ್ಟಿಲ ಮೇಲೆ ಕೂತು ಕೌದಿಯ ಒಂದು ಮೂಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಗ ಗಮನಿಸಿದೆ, ನಾಲ್ಕೂ ಮೂಲೆ ಬರಿದಾಗಿದ್ದವು. ನಮ್ಮ ಹೆಂಗಸರು ಕೌದಿ ಮುಗಿಸುವಾಗ ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ, ಫೂಲ ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಬರಿಮೈಯ ಕೌದಿ.

"ಕಾಯತಾನನ ಅಪ್ಪ ಹೋದ ಮ್ಯಾಲ ನಾ ಫೂಲ ಇಡೂದ ಬಿಟ್ಟಿದ್ದೆ," ಎಂದಳು. ಸೊಂಟದ ಚೀಲದಿಂದ ಏನೋ ತೆಗೆದಳು. ನನ್ನ ಅಂಗಿಯ ಎರಡು ತೋಳು, ನೀಟಾಗಿ ಮಡಚಿಟ್ಟಿದ್ದವು. "ನಾಲ್ಕು ಮೂಲಿಗೆ ಇವು ಸಾಕಾಗ್ತಾವ. ಆದ್ರ ಒಮ್ಮೆ ಇಟ್ರ ನಾ ಬಿಚ್ಚಾಕಿ ಅಲ್ಲ, ನೋಡ್ರಿ."

"ಇಡ್ರಿ," ಎಂದೆ.

ಆಕೆ ಸೂಜಿ ಮತ್ತು ಕೆಂಪು ದಾರ ತೆಗೆದು ನನ್ನ ಮುಂದೆ ಹಿಡಿದಳು.

"ಹಂಗಾರ ದಾರ ಪೋಣಸಿ ಕೊಡು, ಇನಾಸ."

ಡ್ರೈವರ್ರ ಅನ್ನಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಆಯಿಯನ್ನು ಬಿಟ್ಟು ಇನ್ನೊಂದು ಹೆಣ್ಣುದನಿ ನನ್ನ ಹೆಸರು ಹಿಡಿದು ಹಾಗೆ ಕರೆದಿತ್ತು. ಘಟ್ಟದ ತಿರುವಿನಲ್ಲೂ ಗುರಿ ತಪ್ಪದ ಈ ಕೈಗೆ ಅವತ್ತು ಸೂಜಿಯ ಕಣ್ಣು ಸಿಗಲೇ ಇಲ್ಲ. ಕೊನೆಗೆ ಅವಳೇ ನನ್ನ ಕೈ ಹಿಡಿದು ಪೋಣಿಸಿದಳು.